ಹಗುರ ಹೈಡ್ ಟೆಂಟ್: ಬಟ್ಟೆಗೆ ಪೂರ್ತಿ ಅಂಕ, ಗೂಟಕ್ಕೆ ಸೊನ್ನೆ

ಹಕ್ಕಿಯ ಕಣ್ಣಿಗೆ ಬೀಳದೆ ಒಳಗೆ ಕೂತು ಅದರ ಫೋಟೊ ತೆಗೆಯುವವರಿಗೆ ಈ ಹೈಡ್ ಟೆಂಟ್ ಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಅದರ ಜೊತೆ ಬರುವ ಗೂಟ, ಹಗ್ಗ ಎರಡನ್ನೂ ಮೊದಲ ದಿನವೇ ಬದಿಗಿಟ್ಟು ಬೇರೆ ಮಾಡಿಸಿಕೊಳ್ಳಿ. ಆನ್‌ಲೈನಿನಲ್ಲಿ ಇದೇ ಟೆಂಟ್ ನಾಲ್ಕಾರು ಹೆಸರಲ್ಲಿ ಸಿಗುತ್ತದೆ. ಚೀಲದ ಮೇಲಿನ ಮುದ್ರೆ ಬೇರೆ, ಒಳಗಿನ ಮಾಲು ಹೆಚ್ಚುಕಮ್ಮಿ ಒಂದೇ. ಅದಕ್ಕೇ ಹೆಸರು ಬಿಟ್ಟು ಮಾದರಿ ಹೇಳುತ್ತೇನೆ: ನಾಲ್ಕು ಗೋಡೆಗೊಂದು, ಚಾವಣಿಗೊಂದು ಅಂತ ಐದು ಹಬ್ (ಕಡ್ಡಿಗಳು ನಡುವೆ ಬಂದು ಕೂಡುವ ಕೀಲು), ಫೈಬರ್ ಕಡ್ಡಿ, ಪಾಲಿಯೆಸ್ಟರ್ ಬಟ್ಟೆ, ತಳ ಇಲ್ಲ, ತೂಕ ಐದು ಕಿಲೋ ಆಸುಪಾಸು. ನನಗೆ ಬಿದ್ದದ್ದು ಒಂಬತ್ತು ಸಾವಿರ ಚಿಲ್ಲರೆ.

ಇದು ಹುಟ್ಟಿದ್ದು ಅಮೆರಿಕದ ಶಿಕಾರಿಯವರಿಗಾಗಿ. ಜಿಂಕೆ, ಟರ್ಕಿ ಕೋಳಿ ಬರುವ ತನಕ ಒಳಗೆ ಕೂತು ಕಾಯುವ ಮರೆ. ನಮ್ಮಲ್ಲಿ ಶಿಕಾರಿ ಅಪರಾಧ, ಹಾಗಾಗಿ ಇಲ್ಲಿ ಇದರ ಕಿಟಕಿಯಿಂದ ಹೊರಗೆ ಚಾಚುವುದು ಲೆನ್ಸ್ ಮಾತ್ರ. ಆದರೆ ಆ ಮೂಲದ ಗುರುತು ಬಟ್ಟೆಯ ಮೇಲೆಲ್ಲ ಇದೆ. ಮೇಲೆ ಅಚ್ಚಾಗಿರುವುದು ಓಕ್ ಮರದ ಒಣಗಿದ ಎಲೆ. ನಾಟಿ ಮುಗಿದು ಹಸಿರೇರಿದ ಗದ್ದೆಯ ನಡುವೆ ಈ ಕಂದು ಬಣ್ಣ ದೂರಕ್ಕೇ ಎದ್ದು ಕಾಣುತ್ತದೆ. ಅದೇ ಕಬ್ಬು ಕಡಿದ ಹೊಲದಲ್ಲಿ ನಿಲ್ಲಿಸಿ ನಾಲ್ಕು ಹಿಡಿ ತರಗು ಸಿಗಿಸಿ, ಐವತ್ತು ಹೆಜ್ಜೆ ಆಚೆಯಿಂದ ನೋಡಿದರೆ ಟೆಂಟ್ ಎಲ್ಲಿದೆ ಅಂತ ಹುಡುಕಬೇಕು. ಸೊಪ್ಪು ಸಿಗಿಸುವುದಕ್ಕೆ ಹೊರಗೋಡೆಯಲ್ಲಿ ಲೂಪ್ ಹೊಲಿದಿದ್ದಾರೆ, ಹೊಲಿಗೆ ಗಟ್ಟಿಯಾಗಿದೆ.

ಬಿಚ್ಚಿ ನಿಲ್ಲಿಸುವುದು ಸಲೀಸು. ಚೀಲದಿಂದ ಎಳೆದು ನೆಲಕ್ಕಿಟ್ಟು, ಒಂದು ಗೋಡೆಯ ನಡುವಿನ ಪಟ್ಟಿ ಹಿಡಿದು ಹೊರಕ್ಕೆ ಜಗ್ಗಿದರೆ ಟಪ್ ಅಂತ ಸೆಟೆದು ನಿಲ್ಲುತ್ತದೆ. ಆಮೇಲೆ ಎದುರಿನ ಗೋಡೆ, ಮಿಕ್ಕ ಎರಡು, ಕೊನೆಗೆ ಒಳಗೆ ನುಸುಳಿ ಚಾವಣಿಯನ್ನು ಮೇಲಕ್ಕೆ ಒತ್ತಬೇಕು. ಮಡಿಸುವಾಗ ಚಾವಣಿ ಮೊದಲು. ಬಲವಂತ ಮಾಡಿದರೆ ಫೈಬರ್ ಕಡ್ಡಿ ಸಿಬಿರೇಳುತ್ತದೆ, ಅದರ ಸಿಬಿರು ಕೈಗೆ ಹೊಕ್ಕರೆ ಬಹಳ ಉರಿ. ಟಪ್ ಸದ್ದು ಬೆಳಗಿನ ಜಾವ ದೂರ ಕೇಳುತ್ತದೆ, ಆದ್ದರಿಂದ ಹಿಂದಿನ ಸಂಜೆಯೇ ನಿಲ್ಲಿಸಿ ಬರುವುದು ಒಳ್ಳೆಯದು.

ಇನ್ನು ಕಟ್ಟುವ ವಿಷಯ. ಇಷ್ಟುದ್ದ ಬರೆಯಲು ಕೂತದ್ದೇ ಇದಕ್ಕಾಗಿ.

ಟೆಂಟ್ ಗಾಳಿಗೆ ಹಾರಿಹೋಗದಿದ್ದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಹಕ್ಕಿಯ ಲೆಕ್ಕ ಬೇರೆ. ಅಲುಗಾಡದೆ ನಿಂತ ಆಕಾರಕ್ಕೆ ಬೆಳ್ಳಕ್ಕಿ, ಕೆಂಬರಲು ಬೇಗ ಒಗ್ಗಿಕೊಳ್ಳುತ್ತವೆ. ಸಡಿಲ ಬಟ್ಟೆ ಒಮ್ಮೆ ಪಟಪಟ ಅಂದರೆ ಟಿಟ್ಟಿಭ ಕೂಗೆಬ್ಬಿಸುತ್ತದೆ, ಗದ್ದೆಗೆ ಗದ್ದೆಯೇ ಖಾಲಿ. ಹಾಗಾಗಿ ಬಿಗಿಯಾಗಿ ಕಟ್ಟುವುದು ಟೆಂಟ್ ಉಳಿಸಿಕೊಳ್ಳಲು ಮಾತ್ರವಲ್ಲ, ಹಕ್ಕಿಯನ್ನು ಅದರ ಜಾಗದಲ್ಲೇ ನೆಮ್ಮದಿಯಾಗಿ ಇರಗೊಡಲು.

ಪೊಟ್ಟಣದಲ್ಲಿ ಬರುವ ಗೂಟ ಗೇಣುದ್ದದ ತೆಳು ತಂತಿ. ಮೇಲುಕೋಟೆ ಕಡೆಯ ಗಟ್ಟಿ ಕೆಮ್ಮಣ್ಣಿನಲ್ಲಿ ಎರಡೇಟಿಗೆ ಬಾಗುತ್ತದೆ, ನಾಲೆ ಬಯಲಿನ ಜೇಡಿಯಲ್ಲಿ ಬೆರಳಲ್ಲಿ ಎಳೆದರೂ ಬರುತ್ತದೆ, ಹೊಳೆ ಮರಳಿನಲ್ಲಂತೂ ನಿಲ್ಲುವುದೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅರ್ಧ ಗಂಟೆ ಬೈಕಿನಲ್ಲಿ ಹೋದರೆ ಮೂರು ತರದ ನೆಲ ಸಿಗುತ್ತದೆ, ಮೂರಕ್ಕೂ ಒಂದೇ ಗೂಟ ಆಗುವುದಿಲ್ಲ.

ಗಟ್ಟಿ ನೆಲಕ್ಕೆ ಮೈಸೂರಿನ ಸಂತೆಪೇಟೆಯಲ್ಲಿ 8 ಎಂಎಂ ಕಬ್ಬಿಣದ ಸರಳು ಕೊಂಡು, 14 ಇಂಚಿಗೆ ಕತ್ತರಿಸಿ, ತಲೆಯನ್ನು ಕೊಕ್ಕೆಯಾಗಿ ಬಗ್ಗಿಸಿಕೊಂಡಿದ್ದೇನೆ. ಈ ಸರಳು ಮೀಟರಿಗೆ ಸುಮಾರು 400 ಗ್ರಾಂ ತೂಗುತ್ತದೆ, ಎಂಟು ಗೂಟ ಸೇರಿದರೂ ಒಂದು ಕಿಲೋ ಚಿಲ್ಲರೆ. ಹೊಡೆಯುವಾಗ ನೆಟ್ಟಗೆ ಹೊಡೆಯಬಾರದು. ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಗೂಟಕ್ಕೂ ಹಗ್ಗಕ್ಕೂ ಲಂಬ ಕೋನ ಬರಬೇಕು. ಹಾಗಿದ್ದರೆ ಗಾಳಿ ಎಳೆದಾಗ ಗೂಟದ ಉದ್ದಕ್ಕೂ ಇರುವ ಮಣ್ಣು ಅದನ್ನು ತಡೆಯುತ್ತದೆ. ಹಗ್ಗ ಕಟ್ಟುವುದು ಗೋಡೆಯ ನಡುವಿನ ಹಬ್‌ಗೆ. ಆ ಹಬ್ ಎಷ್ಟು ಎತ್ತರದಲ್ಲಿದೆಯೋ ಕನಿಷ್ಠ ಅಷ್ಟು ದೂರದಲ್ಲಿ ಗೂಟ ಇರಬೇಕು. ಹತ್ತಿರ ಹೊಡೆದರೆ ಹಗ್ಗ ಗೂಟವನ್ನು ಮೇಲಕ್ಕೇ ಕೀಳುತ್ತದೆ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಕುಡಿದ ಗದ್ದೆಯ ಬದುವಿಗೆ ಕಬ್ಬಿಣ ಬೇಡ. ಅಲ್ಲಿ ಸಣ್ಣ ಸರಳು ಸುಮ್ಮನೆ ತಿರುಗಿ ಸಡಿಲಾಗುತ್ತದೆ. ಎರಡಡಿ ಉದ್ದದ, ಹೆಬ್ಬೆರಳಿಗಿಂತ ದಪ್ಪನೆಯ ಸರ್ವೆ ಗೂಟ ಮಾಡಿಸಿ. ಮಣ್ಣು ಮೆತ್ತಗಿದ್ದಷ್ಟೂ ಗೂಟದ ಮೈ ಅಗಲವಾಗಿರಬೇಕು. ಬದುವಿನ ಅಂಚಿಗೆ ಮಾತ್ರ ಹೊಡೆಯಬೇಡಿ, ಬದು ಒಡೆದು ನೀರು ಪಕ್ಕದ ಗದ್ದೆಗೆ ಹರಿದರೆ ರೈತನಿಗೆ ನಷ್ಟ.

ಮರಳಿಗೆ ಗೊಬ್ಬರದ ಖಾಲಿ ಚೀಲ. ಬರಿ ಚೀಲ ಒಯ್ಯುವುದಕ್ಕೆ ಭಾರವೇ ಅಲ್ಲ. ಅಲ್ಲೇ ಮರಳು ತುಂಬಿ, ನಡುವಿಗೆ ಹಗ್ಗ ಬಿಗಿದು, ಒಂದೂವರೆ ಅಡಿ ಗುಂಡಿಯಲ್ಲಿ ಹಗ್ಗಕ್ಕೆ ಅಡ್ಡಲಾಗಿ ಮಲಗಿಸಿ ಮುಚ್ಚಿ ತುಳಿಯಿರಿ. ಇಬ್ಬರು ಎಳೆದರೂ ಕದಲುವುದಿಲ್ಲ. ಆದರೆ ಕಾವೇರಿಯ ಪಾತ್ರದೊಳಗೆ ಮಾತ್ರ ಎಂದೂ ಟೆಂಟ್ ಹಾಕಬೇಡಿ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಹೊಳೆ ನೋಡನೋಡುತ್ತ ಏರುತ್ತದೆ, ಈ ಭಾಗದ ಹೊಳೆಯಲ್ಲಿ ಮೊಸಳೆಗಳೂ ಇವೆ. ದಡದ ಮೇಲೆ, ನೀರಿನಿಂದ ದೂರ, ಊರಿನವರನ್ನು ಕೇಳಿಯೇ ಜಾಗ ನೋಡಿ.

ಹಗ್ಗದ್ದೂ ಇದೇ ಕಥೆ. ಜೊತೆಗೆ ಬರುವುದು ಕಿತ್ತಳೆ ಬಣ್ಣದ ತೆಳು ನೈಲಾನ್. ಶಿಕಾರಿಯ ಕಾಡಿನಲ್ಲಿ ಇನ್ನೊಬ್ಬ ಬಂದೂಕಿನವನಿಗೆ ಕಾಣಲಿ ಅಂತ ಆ ಬಣ್ಣ ಇರಬಹುದು, ನಮಗೆ ಬೇಕಿಲ್ಲ. ನೈಲಾನ್ ತೇವ ಹೀರಿ ಹಿಗ್ಗುತ್ತದೆ. ಮಾರ್ಗಶಿರದ ಇಬ್ಬನಿಗೆ, ಸಂಜೆ ವೀಣೆಯ ತಂತಿಯಷ್ಟು ಬಿಗಿದಿದ್ದ ಹಗ್ಗ ಬೆಳಗಾಗುವಷ್ಟರಲ್ಲಿ ಜೋತಿರುತ್ತದೆ. ಕಡು ಹಸಿರಿನ ಪಾಲಿಯೆಸ್ಟರ್ ಹಗ್ಗ ಕೊಳ್ಳಿ, ಅದು ಅಷ್ಟು ಹಿಗ್ಗುವುದಿಲ್ಲ. ಗಂಟಿಗೆ ಕಬ್ಬಿನ ಲೋಡು ಬಿಗಿಯುವವರನ್ನು ನೋಡಿ. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಗೂಟ ಸುತ್ತಿಸಿ ಆ ಕುಣಿಕೆಯೊಳಗೆ ತೂರಿಸಿ, ಕೆಳಕ್ಕೆ ಜಗ್ಗಿ ಗಂಟು ಹಾಕುತ್ತಾರಲ್ಲ, ಅದೇ ಇಲ್ಲಿಗೂ ಸರಿ. ಕತ್ತಲಲ್ಲಿ ಕೈ ತಡವಿ ಬಿಗಿ ಮಾಡಬಹುದು, ಬಿಚ್ಚುವಾಗ ಒಂದೇ ಎಳೆತ. ಹಗ್ಗಗಳಿಗೆ ಮೊಣಕಾಲೆತ್ತರದಲ್ಲಿ ಬಟ್ಟೆಯ ಚೂರು ಕಟ್ಟಿ. ಬೆಳಗಿನ ಜಾವ ನೀರು ಕಟ್ಟಲು ಬರುವವರು ಎಡವಬಾರದು.

ಆಷಾಢದ ಗಾಳಿಯಲ್ಲಿ ಇನ್ನೊಂದು ತೊಡಕಿದೆ. ಬೆಳಗಿನ ಬಿಸಿಲು ಬೆನ್ನಿಗಿರಬೇಕು ಅಂದರೆ ಕಿಟಕಿ ಪಡುವಣಕ್ಕೆ ತೆರೆಯಬೇಕು, ಗಾಳಿ ಬರುವುದೂ ಪಡುವಣದಿಂದಲೇ. ಕಿಟಕಿಗೆ ನುಗ್ಗಿದ ಗಾಳಿ ಟೆಂಟನ್ನು ಒಳಗಿನಿಂದ ಉಬ್ಬಿಸಿ ಎತ್ತುತ್ತದೆ. ಇದಕ್ಕೆ ನಾನು ಕಂಡುಕೊಂಡದ್ದು: ಗಾಳಿಗೆ ಗೋಡೆ ಒಡ್ಡದೆ ಮೂಲೆ ಒಡ್ಡುವುದು, ಗಾಳಿ ಬರುವ ಕಡೆಯ ಗೂಟಗಳನ್ನು ಎಲ್ಲಕ್ಕಿಂತ ಮೊದಲು ಹೊಡೆಯುವುದು, ಕಿಟಕಿಯನ್ನು ಲೆನ್ಸ್ ತೂರುವಷ್ಟೇ ತೆರೆಯುವುದು, ಬುಡದ ಅಂಚಿನ ಬಟ್ಟೆಯ ಮೇಲೆ ಸುತ್ತಲೂ ಮಣ್ಣು ಏರಿಸುವುದು. ಇಷ್ಟಾದರೆ ಜೋರು ಗಾಳಿಗೂ ಬಟ್ಟೆ ಮಿಸುಕುವುದಿಲ್ಲ. ಬಿಟ್ಟುಹೋದ ಪಟ್ಟಿ, ಜಿಪ್ಪಿನ ಬಾಲ ಇವೆಲ್ಲ ಸಣ್ಣ ಸದ್ದು ಮಾಡುತ್ತಲೇ ಇರುತ್ತವೆ. ಪಿನ್ನು ಹಾಕಿ ಅಡಗಿಸಿ.

ಒಳಗಿನ ಕಪ್ಪು ಲೇಪ ಈ ಟೆಂಟಿನ ಅತ್ಯುತ್ತಮ ಗುಣ. ಹಿಂದಿನ ಕಿಟಕಿ ಮುಚ್ಚಿ ಮುಂದಿನದನ್ನಷ್ಟೇ ತೆರೆದು, ಕಪ್ಪು ಅಂಗಿ ತೊಟ್ಟು ಕೂತರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಎದುರುಬದುರು ಎರಡು ಕಿಟಕಿ ತೆರೆದರೆ ನಿಮ್ಮ ನೆರಳಾಕೃತಿ ಹಕ್ಕಿಗೆ ಚೆನ್ನಾಗಿ ಕಾಣುತ್ತದೆ. ಬಲೆಯ ಪರದೆಯ ಹಿಂದಿನಿಂದ ಫೋಟೊ ತೆಗೆಯಬಹುದು ಅಂತ ಜಾಹೀರಾತು ಹೇಳುತ್ತದೆ. ಬೆಳಕು ಕಮ್ಮಿಯಾಗುತ್ತದೆ, ಫೋಕಸ್ ಬಲೆಗೇ ಅಂಟಿಕೊಳ್ಳುತ್ತದೆ. ಲೆನ್ಸನ್ನು ಹೊರಕ್ಕೆ ತೂರಿಸುವುದೇ ಸರಿ. ತಳ ಇಲ್ಲದಿರುವುದು ಟ್ರೈಪಾಡಿಗೆ ಅನುಕೂಲ, ಹಾವಿಗೂ ಅನುಕೂಲ. ರಾತ್ರಿ ಬಿಟ್ಟಿದ್ದ ಟೆಂಟಿಗೆ ಟಾರ್ಚ್ ಹಾಕಿ, ಕೋಲಿನಲ್ಲಿ ಮೂಲೆ ಮೂಲೆ ತಟ್ಟಿಯೇ ಕಾಲಿಡಿ. ಬೇಸಗೆಯಲ್ಲಿ ಒಂಬತ್ತು ಗಂಟೆಯ ಮೇಲೆ ಒಳಗಿರಲಾಗದು. ಒಗೆಯಲು ಬರಿ ನೀರು ಸಾಕು. ಬಿಳುಪು ತರುವ ಸೋಪಿನ ಪುಡಿಯ ಅಂಶ ಬಟ್ಟೆಯಲ್ಲಿ ಉಳಿದು ಬಿಸಿಲಿನ ಅತಿನೇರಳೆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ, ಆ ಹೊಳಪು ಹಕ್ಕಿಯ ಕಣ್ಣಿಗೂ ಬೀಳಬಹುದು.

ಹಿಂದಿನ ಸಂಜೆ ಬಿಟ್ಟು ಬಂದರೂ, ಒಳಗೆ ಹೋಗುವಾಗ ಹಕ್ಕಿ ನೋಡಿಬಿಟ್ಟರೆ ಕಷ್ಟ. ಇಬ್ಬರು ಹೋಗಿ ಒಬ್ಬರು ವಾಪಸು ಬನ್ನಿ. ಬಂದವರು ಹೋದರು ಅಂತ ಹಕ್ಕಿ ಸುಮ್ಮನಾಗುವುದು ಹೆಚ್ಚು.

ಎಲ್ಲೆಲ್ಲಿ ಇದು ಬೇಡ ಅನ್ನುವುದನ್ನೂ ಹೇಳಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬೇಡವೇ ಬೇಡ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ ಮರದಲ್ಲೇ ಗೂಡು ಕಟ್ಟಿ, ಕೆಳಗೆ ಓಡಾಡುವ ಜನಕ್ಕೆ ತಲೆ ಕೆಡಿಸಿಕೊಳ್ಳದೆ ಮರಿ ಮಾಡುತ್ತವೆ. ರಂಗನತಿಟ್ಟು ಅಭಯಾರಣ್ಯ, ದೋಣಿಯಲ್ಲಿ ಕೂತು ನೋಡಿ ಬರಬೇಕು, ಟೆಂಟಿನ ಮಾತೇ ಇಲ್ಲ. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿ ಕಡೆ ನೀಲಿಬಾಲದ ಕಳ್ಳಿಪೀರಗಳು ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತವೆ. ಅಲ್ಲಿಗೆ ಈ ಚೀಲ ಒಯ್ಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಯಾವುದೇ ಹಕ್ಕಿಯ ಗೂಡಿನ ಎದುರು ಎಷ್ಟು ಚೆನ್ನಾಗಿ ಮರೆಯಾಗಿ ಕೂತರೂ, ಮೀನೋ ಹುಳವೋ ಕಚ್ಚಿಕೊಂಡು ಬಂದ ತಾಯಿ ಕೆಳಗಿಳಿಯದೆ ಸುತ್ತು ಹಾಕುತ್ತಿದ್ದರೆ ನಾವು ಅಲ್ಲಿರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯಾನದಲ್ಲಿ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ.

ಈ ಟೆಂಟಿನ ನಿಜವಾದ ಜಾಗ ಗದ್ದೆ ಬಯಲು, ಕಬ್ಬು ಕಡಿದ ಹೊಲ, ಚಳಿಗಾಲದಲ್ಲಿ ಹದಿನಾರು ಎಂಬ ಊರಿನ ಕೆರೆಯಂಥ ಕಡೆಯ ಸುತ್ತಿನ ಖಾಸಗಿ ಜಮೀನು. ಮಂಗೋಲಿಯಾ ಕಡೆಯಿಂದ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಬಲು ಹುಷಾರು. ಮನುಷ್ಯ ನಡೆದು ಹತ್ತಿರವಾಗುತ್ತಿದ್ದಂತೆ ಕತ್ತೆತ್ತುತ್ತವೆ, ಕದಲದ ಟೆಂಟಿನ ಎದುರು ಮಾತ್ರ ತಮ್ಮಷ್ಟಕ್ಕೆ ಮೇಯುತ್ತವೆ. ಜಮೀನಿನವರನ್ನು ಕೇಳದೆ ಒಂದು ಗೂಟವನ್ನೂ ಹೊಡೆಯಬೇಡಿ. ಎಮ್ಮೆ ಮೇಯುವ ಕಡೆಯಾದರೆ ಹಗಲು ಟೆಂಟ್ ಬಿಟ್ಟುಬರಬೇಡಿ, ಮೈ ಉಜ್ಜಲು ಬಂದರೆ ಕಡ್ಡಿ ಉಳಿಯುವುದಿಲ್ಲ.

ಹೊರಡುವಾಗ ಗೂಟ ಎಣಿಸಿಕೊಳ್ಳಿ. ಗದ್ದೆಯಲ್ಲಿ ಮರೆತ ಒಂದು ಕಬ್ಬಿಣದ ಸರಳು ಮುಂದಿನ ಉಳುಮೆಗೆ ಟಿಲ್ಲರಿನ ಬ್ಲೇಡ್ ಮುರಿಯುತ್ತದೆ, ಅಲ್ಲಿಗೆ ಹಕ್ಕಿ ಫೋಟೊದವರಿಗೆ ಆ ಊರಿನ ಬಾಗಿಲು ಮುಚ್ಚಿದ ಹಾಗೆ. ಗೂಟಗಳ ತಲೆಗೆ ಕೆಂಪು ಪೇಂಟ್ ಬಳಿದಿಟ್ಟರೆ ಮಣ್ಣಿನಲ್ಲಿ ಬೇಗ ಸಿಗುತ್ತವೆ. ಸರಳು, ಸರ್ವೆ ಗೂಟ, ಹಗ್ಗ ಎಲ್ಲ ಸೇರಿ ಇನ್ನೊಂದು ಸಾವಿರ ಎತ್ತಿಟ್ಟುಕೊಂಡೇ ಟೆಂಟಿಗೆ ಆರ್ಡರ್ ಹಾಕಿ.