ಖಾಸಗಿ ಸೈಕಾಲಜಿಸ್ಟ್ ರಿಪೋರ್ಟ್: ಹುಬ್ಬಳ್ಳಿ-ಧಾರವಾಡದಲ್ಲಿ ದುಡ್ಡು ಕೊಟ್ಟವರಿಗೆ ಏನು ಸಿಗಬೇಕು

"ಎಜುಕೇಶನಲ್ ಸೈಕಾಲಜಿಸ್ಟ್ ಹತ್ತಿರ ತೋರಿಸಿಕೊಂಡು ಬರ್ರಿ" ಎಂದು ಓದು-ಬರಹದಲ್ಲಿ ಹಿಂದೆ ಬಿದ್ದ ಮಗುವಿನ ಡೈರಿಯಲ್ಲಿ ಸಾಲಿಯವರು ಬರೆದು ಕಳಿಸುತ್ತಾರೆ. ತಂದೆ-ತಾಯಿ ಫೋನಿನಲ್ಲಿ ಆ ಹೆಸರು ಹುಡುಕುತ್ತಾರೆ. ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆ, ಸಪ್ತಾಪುರ ಎಂದು ಒಂದಿಷ್ಟು ಬೋರ್ಡುಗಳು ಕಾಣುತ್ತವೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಎಲ್ಲರೂ ಹೇಳುವ ಆರ್‌ಸಿಐ, ತನ್ನ ರಿಜಿಸ್ಟರಿನಲ್ಲಿ ಎಜುಕೇಶನಲ್ ಸೈಕಾಲಜಿಸ್ಟ್ ಎಂಬ ವರ್ಗವನ್ನೇ ಇಟ್ಟಿಲ್ಲ. ಈ ಕೆಲಸಕ್ಕೆ ಸಂಬಂಧಪಟ್ಟಂತೆ ಅಲ್ಲಿರುವುದು ಕ್ಲಿನಿಕಲ್ ಸೈಕಾಲಜಿಸ್ಟ್, ರಿಹ್ಯಾಬಿಲಿಟೇಶನ್ ಸೈಕಾಲಜಿಸ್ಟ್ ಮತ್ತು ಸ್ಪೆಷಲ್ ಟೀಚರ್. ಮೊದಲಿನ ಇಬ್ಬರು ಬುದ್ಧಿಮಟ್ಟದ (ಐಕ್ಯೂ) ಪರೀಕ್ಷೆ ಮಾಡಿ ಸಹಿ ಹಾಕಬಲ್ಲವರು. ಮೂರನೆಯವರು ಓದು-ಬರಹ ಎಲ್ಲಿ ತಡೆದು ನಿಂತಿದೆ ಎಂದು ಹುಡುಕಿ ಕಲಿಸುವವರು. ಎಂ.ಎ. ಸೈಕಾಲಜಿ ಮುಗಿಸಿ ಕೌನ್ಸೆಲಿಂಗ್ ಡಿಪ್ಲೊಮಾ ಮಾಡಿದವರು ಒಳ್ಳೆಯ ಕೌನ್ಸೆಲರ್ ಆಗಿರಬಹುದು. ಆದರೆ ಅವರೊಬ್ಬರೇ ಸಹಿ ಹಾಕಿದ ಐಕ್ಯೂ ರಿಪೋರ್ಟ್ ಪರೀಕ್ಷಾ ಮಂಡಳಿಯ ಮುಂದೆ ನಿಲ್ಲುವುದಿಲ್ಲ.

ಹೀಗಾಗಿ ಫೋನ್ ಮಾಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಫೀ ಎಷ್ಟು ಎಂಬುದಲ್ಲ. ಸಿಆರ್‌ಆರ್ ನಂಬರ್, ಅಂದರೆ ಆರ್‌ಸಿಐ ರಿಜಿಸ್ಟರಿನ ನೋಂದಣಿ ಸಂಖ್ಯೆ, ಕೇಳಿ. ಆರ್‌ಸಿಐ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ಹೆಸರು, ವರ್ಗ ಎರಡೂ ಬರುತ್ತವೆ. ನಂಬರ್ ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಡಿ. ರಿಪೋರ್ಟಿಗೆ ಸಹಿ ಯಾರದು ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು. ಟೆಸ್ಟ್ ಮಾಡುವವರು ಟ್ರೇನಿ, ಸಹಿ ಹಾಕುವವರು ಮಗುವಿನ ಮುಖವನ್ನೇ ನೋಡದ ಹಿರಿಯರು ಎಂಬ ಏರ್ಪಾಡೂ ಉಂಟು.

ಇನ್ನು ಸ್ವತಂತ್ರ ಎಂಬ ಮಾತು. ನಮ್ಮ ಅವಳಿ ನಗರದಲ್ಲಿ ಖಾಸಗಿ ಅಸೆಸ್‌ಮೆಂಟ್ ಹೆಚ್ಚಾಗಿ ಸಿಗುವುದು ಥೆರಪಿ ಸೆಂಟರುಗಳಲ್ಲಿ. ಒಂದೇ ಸೂರಿನಡಿ ಸ್ಪೀಚ್ ಥೆರಪಿ, ಒಟಿ (ಆಕ್ಯುಪೇಶನಲ್ ಥೆರಪಿ), ಸ್ಪೆಷಲ್ ಎಜುಕೇಶನ್, ಜೊತೆಗೆ ವಾರಕ್ಕೊಮ್ಮೆ ಬರುವ ಸೈಕಾಲಜಿಸ್ಟ್. ಅನುಕೂಲ ಖರೆ. ಆದರೆ ತಾನೇ ತೂಗಿ ತಾನೇ ಮಾರುವ ಅಂಗಡಿಯಲ್ಲಿ ತಕ್ಕಡಿಯ ಮೇಲೊಂದು ಕಣ್ಣಿಡಬೇಕಾಗುತ್ತದೆ. ರಿಪೋರ್ಟಿನ ಕೊನೆಯ ಸಾಲು "ವಾರಕ್ಕೆ 5 ಸೆಷನ್, ಕನಿಷ್ಠ 6 ತಿಂಗಳು, ನಮ್ಮಲ್ಲೇ" ಎಂದಿದ್ದರೆ ಅದು ರಿಪೋರ್ಟಲ್ಲ, ಕೊಟೇಶನ್. ಒಬ್ಬರೇ ಕೂತು ಪ್ರಾಕ್ಟೀಸ್ ಮಾಡುವ, ಥೆರಪಿ ಮಾರದ ಕ್ಲಿನಿಕಲ್ ಸೈಕಾಲಜಿಸ್ಟ್ ಸಿಕ್ಕರೆ ಅವರಿಗೇ ಮೊದಲ ಆದ್ಯತೆ. ಅಂಥವರು ಕಡಿಮೆ, ಸರದಿ ಉದ್ದ, ಆದರೂ ಕಾಯಬಹುದು.

ಸರ್ಕಾರಿ ದಾರಿಯನ್ನು ಖಾಸಗಿಗೆ ಬದಲಿ ಎಂದು ನೋಡುವುದು ತಪ್ಪು. ಧಾರವಾಡದ ಬೆಳಗಾವಿ ರಸ್ತೆಯ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವಿದೆ. ಹುಬ್ಬಳ್ಳಿಯಲ್ಲಿ ಈಗಲೂ ಎಲ್ಲರೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಹೊರಡುವುದು ಸರ್ಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರದಿಂದ ಮಾತ್ರ. ಖಾಸಗಿ ರಿಪೋರ್ಟ್ ಎಷ್ಟೇ ದಪ್ಪಗಿರಲಿ, ಅದು ಪ್ರಮಾಣಪತ್ರವಲ್ಲ. "ನಾವೇ ಸರ್ಟಿಫಿಕೇಟ್ ಮಾಡಿಸಿ ಕೊಡ್ತೀವಿ" ಎನ್ನುವ ಸೆಂಟರಿಗೆ ಕೈಮುಗಿದು ಹೊರಗೆ ಬನ್ನಿ. ಹಾಗಾದರೆ ಖಾಸಗಿಗೆ ದುಡ್ಡು ಯಾಕೆ? ಜನ ತುಂಬಿದ ಒಪಿಡಿಯಲ್ಲಿ ಸಿಗದ ಎರಡು ವಸ್ತುಗಳಿಗಾಗಿ: ಮಗುವಿನ ಜೊತೆ 3-4 ತಾಸು, ಮತ್ತು ಸಾಲಿ ಮಾಸ್ತರರು ಸೋಮವಾರದಿಂದಲೇ ಬಳಸಬಹುದಾದ ಬರಹ. ಈ ಎರಡು ಸಿಗದಿದ್ದರೆ ಕೊಟ್ಟ ಹಣ ವ್ಯರ್ಥ.

ಯಾವ ಟೆಸ್ಟ್ ಹಾಕುತ್ತಾರೆ ಎಂದು ಕೇಳಲು ಸಂಕೋಚ ಬೇಡ. ನಮ್ಮ ಕಡೆ ಬುದ್ಧಿಮಟ್ಟಕ್ಕೆ ಹೆಚ್ಚು ಬಳಕೆಯಲ್ಲಿರುವವು ಮೂರು. ಬಿನೆ-ಕಾಮತ್ ಪರೀಕ್ಷೆಗೂ ಕನ್ನಡಕ್ಕೂ ಹಳೆಯ ನಂಟು: ವಿ. ವಿ. ಕಾಮತರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದೇ ಒಗ್ಗಿಸಿದ್ದು. ಹೆಮ್ಮೆಯ ಸಂಗತಿ, ಆದರೆ ಅದರ ಅಳತೆಗೋಲು ಅಷ್ಟೇ ಹಳೆಯದು. ಹಳೆಯ ಅಳತೆಗೋಲು ಇಂದಿನ ಮಕ್ಕಳಿಗೆ ಇರುವುದಕ್ಕಿಂತ ಹೆಚ್ಚು ಅಂಕ ಕೊಡುತ್ತದೆ. ನಿಜವಾಗಿ ಸಹಾಯ ಬೇಕಾದ ಮಗು "ನಾರ್ಮಲ್" ಎಂದು ಮನೆಗೆ ಬರುವ ಅಪಾಯ ಇಲ್ಲೇ ಇರುವುದು. ಎರಡನೆಯದು ಮಾಲಿನ್ ಅವರ ಮಿಸಿಕ್, 6ರಿಂದ 15 ವರ್ಷದವರಿಗೆ. ಮಾತಿನ ಭಾಗ, ಕೈಕೆಲಸದ ಭಾಗ ಬೇರೆ ಬೇರೆ ಅಂಕ ಕೊಡುವುದರಿಂದ ಉಪಯೋಗ ಹೆಚ್ಚು. ಅದರ ಅಳತೆಗೋಲೂ ಹೊಸದೇನಲ್ಲ. ಮೂರನೆಯದು ವಿಸ್ಕ್, ಅಂದರೆ ವೆಕ್ಸ್ಲರ್ ಅವರ ಮಕ್ಕಳ ಬುದ್ಧಿಮಾಪನದ, ಭಾರತೀಯ ಆವೃತ್ತಿ. ಕಿಟ್ ದುಬಾರಿ, ಆದ್ದರಿಂದ ಫೀಯೂ ಹೆಚ್ಚು.

ಮಗುವಿನ ಮನೆಮಾತು ಯಾವುದು ಎಂದು ಸೈಕಾಲಜಿಸ್ಟ್ ಮೊದಲ ಹತ್ತು ನಿಮಿಷದಲ್ಲಿ ಕೇಳದಿದ್ದರೆ ಗುಮಾನಿ ಪಡಿ. ಹಳೇ ಹುಬ್ಬಳ್ಳಿಯ ಉರ್ದು ಮನೆಯ ಮಗು, ಗದಗ ಕಡೆಯ ತಾಂಡಾದಿಂದ ಬಂದ ಲಂಬಾಣಿ ಮಗು, ಮನೆಯಲ್ಲಿ ಕನ್ನಡ ಆಡುತ್ತ ಸಾಲಿಯಲ್ಲಿ ಇಂಗ್ಲಿಷ್ ಓದುವ ಮಗು, ಇವರಿಗೆ ಮಾತಿನ ಭಾಗದಲ್ಲಿ ಅಂಕ ಕಡಿಮೆಯಾಗುವುದು ಭಾಷೆಯಿಂದ, ಬುದ್ಧಿಯಿಂದಲ್ಲ. ಅಂಥಲ್ಲಿ ಮಾತು ಬೇಡದ ಪರೀಕ್ಷೆಗಳನ್ನು ಜೊತೆಗೆ ಹಾಕಬೇಕು: ರೇವನ್ ಅವರ ಬಣ್ಣದ ಮ್ಯಾಟ್ರಿಸಸ್, ಸಣ್ಣವರಿಗೆ ಸೆಗ್ವಿನ್ ಫಾರ್ಮ್ ಬೋರ್ಡ್. ಹಾಕಿದ್ದಾರೆಯೇ ಎಂಬುದು ರಿಪೋರ್ಟಿನ ಮೊದಲ ಪುಟದಲ್ಲೇ ಕಾಣಬೇಕು.

ಓದು-ಬರಹದ ಪರೀಕ್ಷೆಯಲ್ಲಿ ನಮ್ಮ ಕಡೆಯದೇ ಇನ್ನೊಂದು ತೊಡಕಿದೆ. ಧಾರವಾಡ ಸೀಮೆಯ ಮಗು ತಾನಾಗಿ ನಾಲ್ಕು ಸಾಲು ಬರೆಯುವಾಗ "ಅಪ್ಪ ಹೊಲಕ್ಕ ಹೋಗ್ಯಾನ" ಎಂದು ಬರೆದರೆ ಅದು ದೋಷವಲ್ಲ, ಅದು ಅವನ ಮಾತು. "ಧಾರವಾಡ" ಎನ್ನುವಲ್ಲಿ "ದಾರವಾಡ" ಎಂದರೂ ಅಷ್ಟೇ. ಮಹಾಪ್ರಾಣ ಆಡುಮಾತಿನಲ್ಲೇ ಕರಗಿರುವಾಗ ಕಿವಿಗೆ ಬೀಳದ್ದು ಕೈಗೆ ಬರುವುದು ತಡ. ಕಲಿಕಾ ನ್ಯೂನತೆಯ, ಅಂದರೆ ಬುದ್ಧಿ ಸರಿಯಿದ್ದೂ ಓದು-ಬರಹ ತಡೆದು ನಿಲ್ಲುವುದರ, ಗುರುತು ಬೇರೆ. ಒತ್ತಕ್ಷರ ಬಿಟ್ಟುಹೋಗಿ "ಅಕ್ಕ" ಎಂಬುದು "ಅಕ" ಆಗುವುದು, "ತರಕಾರಿ" ಹೋಗಿ "ತಕರಾರಿ" ಆಗುವುದು, ಕಾಗುಣಿತದ ದೀರ್ಘ ಒಂದೇ ಪುಟದಲ್ಲಿ ಒಮ್ಮೆ ಬಂದು ಒಮ್ಮೆ ಮಾಯವಾಗುವುದು, ನಿನ್ನೆ ಸರಿಯಾಗಿ ಓದಿದ ಶಬ್ದ ಇವತ್ತು ಹೊಸದಾಗುವುದು, ಬಾಯಲ್ಲಿ ಫಟಾಫಟ್ ಹೇಳಿದ ಉತ್ತರ ಹಾಳೆಯ ಮೇಲೆ ಅರ್ಧ ಸಾಲಿಗೆ ನಿಲ್ಲುವುದು. ಮೈಸೂರು ಕಡೆಯ ಗ್ರಾಂಥಿಕ ಕನ್ನಡದ ಕಿವಿಯಿಂದ ಕೇಳುವವರು ಈ ಎರಡನ್ನೂ ಕಲಸಿಬಿಡುತ್ತಾರೆ. ಕನ್ನಡದಲ್ಲಿ ಪರೀಕ್ಷಿಸದೆ ಬರೀ ಇಂಗ್ಲಿಷಿನಲ್ಲಿ ಓದಿಸಿ ಡಿಸ್ಲೆಕ್ಸಿಯಾ (ಓದುವುದರ ಕಲಿಕಾ ನ್ಯೂನತೆ) ಎಂದು ಬರೆದ ರಿಪೋರ್ಟ್‌ಗೆ ಅರ್ಧ ಬೆಲೆ. ಎರಡೂ ಭಾಷೆಯಲ್ಲಿ ತೊಂದರೆ ಇದೆಯೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಕಲಿಕಾ ನ್ಯೂನತೆಗೆ ಸಾಮಾನ್ಯವಾಗಿ ಬಳಸುವುದು ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು, ನಿಮ್ಹಾನ್ಸ್ ಬ್ಯಾಟರಿ. ಅದರ ಮೊದಲ ಹಂತ 5ರಿಂದ 7 ವರ್ಷಕ್ಕೆ, ಎರಡನೆಯದು 8ರಿಂದ 12ಕ್ಕೆ. ಎಸ್ಸೆಸ್ಸೆಲ್ಸಿ ಫಾರಂ ತುಂಬುವ ಹೊತ್ತಿಗೆ ಎಚ್ಚರವಾದರೆ ಮಗುವಿನ ವಯಸ್ಸು ಬ್ಯಾಟರಿಯ ಆಚೆ ಹೋಗಿರುತ್ತದೆ. ಸೈಕಾಲಜಿಸ್ಟ್ ಏನೇನೋ ಜೋಡಿಸಿ ತೀರ್ಮಾನಕ್ಕೆ ಬರಬೇಕಾಗುತ್ತದೆ. 3ನೇ, 4ನೇ ಇಯತ್ತೆಯೇ ಸರಿಯಾದ ಕಾಲ. ಅದಕ್ಕಿಂತ ಮೊದಲು, ಯುಕೆಜಿ ಮಗುವಿಗೆ ಡಿಸ್ಲೆಕ್ಸಿಯಾ ಎಂದು ಬರೆದುಕೊಡುವವರನ್ನು ನಂಬಬೇಡಿ. 2018ರ ಕೇಂದ್ರ ಮಾರ್ಗಸೂಚಿ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ 8 ವರ್ಷ ತುಂಬಿರಬೇಕು ಎಂದಿತು, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಎಂದಿತು. 6 ವರ್ಷದೊಳಗಿನ ಮಗುವಿಗೆ ಬೇಕಾದ್ದು ಬೆಳವಣಿಗೆಯ ತಪಾಸಣೆ. ಅದಕ್ಕೆ ಜಿಲ್ಲಾ ಮಟ್ಟದ ಶೀಘ್ರ ಹಸ್ತಕ್ಷೇಪ ಕೇಂದ್ರ, ಡಿಇಐಸಿ, ಇದೆ.

ಅದೇ ಮಾರ್ಗಸೂಚಿಯಲ್ಲಿ ಒಂದು ಕಂದಕವಿತ್ತು, ಬಹಳ ಮಕ್ಕಳು ಬಿದ್ದದ್ದು ಅದರಲ್ಲೇ. ಐಕ್ಯೂ 85 ದಾಟಿದರೆ ಮಾತ್ರ ಕಲಿಕಾ ನ್ಯೂನತೆಯ ಪರೀಕ್ಷೆಗೆ ಮುಂದುವರಿಯಬೇಕು ಎಂದಿತ್ತು. ಬೌದ್ಧಿಕ ಅಂಗವೈಕಲ್ಯ ಎನ್ನಲು ಐಕ್ಯೂ ಒಂದೇ ಸಾಲದು, ದಿನನಿತ್ಯದ ಬದುಕಿನ ಕೌಶಲ ಅಳೆಯುವ ವೈನ್‌ಲ್ಯಾಂಡ್ ಮಾಪನವೂ ಬೇಕು. ಅದರಲ್ಲಿ 55ರಿಂದ 69 ಬಂದರೆ 50 ಪ್ರತಿಶತ ಅಂಗವೈಕಲ್ಯ, 70ರಿಂದ 84 ಬಂದರೆ 25 ಪ್ರತಿಶತ. ಸೌಲಭ್ಯಗಳ ಗೆರೆ ಇರುವುದು 40 ಪ್ರತಿಶತಕ್ಕೆ. ಅಂದರೆ 78 ಐಕ್ಯೂ ಇರುವ, ವೈನ್‌ಲ್ಯಾಂಡ್‌ನಲ್ಲೂ ಅಷ್ಟೇ ಬಂದ, ಓದಲು ಒದ್ದಾಡುವ ಮಗು ಆ ಕಡೆಗೂ ಇರಲಿಲ್ಲ, ಈ ಕಡೆಗೂ ಇರಲಿಲ್ಲ. 2024ರ ಮಾರ್ಚಿನಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಿದೆ, ಪ್ರಮಾಣಪತ್ರ ಕೊಡುವ ವೈದ್ಯಕೀಯ ಬೋರ್ಡಿಗೆ ಹೋಗುವ ಮೊದಲು ಅದರ ಪ್ರಕಾರವೇ ರಿಪೋರ್ಟ್ ಬರೆಸಿಕೊಳ್ಳಿ. ಐಕ್ಯೂ ಎಂಬುದು ಒಂದು ಅಂಕಿಯಲ್ಲ, ನಾಲ್ಕೈದು ಅಂಕ ಆಚೀಚೆ ಆಡುವ ಒಂದು ವ್ಯಾಪ್ತಿ. ಗಡಿಯ ಮೇಲಿರುವ ಮಗುವಿಗೆ ಆ ವ್ಯಾಪ್ತಿಯನ್ನು ರಿಪೋರ್ಟಿನಲ್ಲಿ ನಮೂದಿಸದಿದ್ದರೆ ಅದು ಅನ್ಯಾಯ.

ಟೆಸ್ಟ್ ಕೆಡುವುದು ಹೆಚ್ಚಾಗಿ ಕೋಣೆಯ ಹೊರಗಿನ ಕಾರಣಕ್ಕೆ. ಕಣ್ಣು, ಕಿವಿ ಮೊದಲು ತೋರಿಸಿರಬೇಕು. ಸೋರುವ ಕಿವಿಯ ಮಗುವಿಗೆ ಡಿಕ್ಟೇಶನ್ ಕೊಟ್ಟು ಏನು ತಿಳಿಯುತ್ತದೆ? ರಾಣೆಬೆನ್ನೂರು, ಮುಂಡರಗಿ ಕಡೆಯಿಂದ ನಸುಕಿನಲ್ಲಿ ಎಬ್ಬಿಸಿ, ಬಸ್ಸಿನಲ್ಲಿ ವಾಂತಿ ಮಾಡಿಸಿಕೊಂಡು ಕರೆತಂದ ಮಗುವನ್ನು 9ಕ್ಕೇ ಕೂರಿಸಿದರೆ 10 ಅಂಕ ಅಲ್ಲೇ ಹೋದಂತೆ. 11ರ ನಂತರದ ಹೊತ್ತು ಕೇಳಿ, ಎರಡು ದಿನಕ್ಕೆ ಹಂಚಿಸಿ. ಫಿಟ್ಸ್ ಗುಳಿಗೆ, ಎಡಿಎಚ್‌ಡಿ (ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ) ಗುಳಿಗೆ ನಡೆಯುತ್ತಿದ್ದರೆ ಹೆಸರು, ಪ್ರಮಾಣ ಬರೆದುಕೊಡಿ. ಒಂದು ವರ್ಷದೊಳಗೆ ಬೇರೆ ಕಡೆ ಐಕ್ಯೂ ಮಾಡಿಸಿದ್ದರೆ ಮುಚ್ಚಿಡಬೇಡಿ. ಅದೇ ಪರೀಕ್ಷೆ ಮತ್ತೆ ಮಾಡಿದರೆ ಅಭ್ಯಾಸದಿಂದಲೇ ಅಂಕ ಏರುತ್ತದೆ. ಯೂಟ್ಯೂಬ್ ನೋಡಿ ಮನೆಯಲ್ಲಿ ಬ್ಲಾಕ್ ಜೋಡಿಸಲು ಕಲಿಸುವ ಅಪ್ಪಂದಿರಿಗೂ ಇದೇ ಮಾತು. ಜೊತೆಗೆ ಒಯ್ಯಬೇಕಾದ್ದು ಎರಡು ವರ್ಷದ ಅಂಕಪಟ್ಟಿ, ಕನ್ನಡ, ಇಂಗ್ಲಿಷ್, ಗಣಿತದ ನೋಟ್‌ಬುಕ್ಕುಗಳು (ಟ್ಯೂಷನ್ನಿನವರು ತಿದ್ದಿದ್ದಲ್ಲ, ಮಗು ತಾನೇ ಬರೆದದ್ದು), ಹೆರಿಗೆಯ ಡಿಸ್ಚಾರ್ಜ್ ಕಾಗದ. ಗಮನದ ತೊಂದರೆ ಎಂಬ ಅನುಮಾನವಿದ್ದರೆ ಮನೆಯದು ಒಂದು, ಸಾಲಿಯದು ಒಂದು, ಹೀಗೆ ಎರಡು ಪ್ರಶ್ನಾವಳಿ ತುಂಬಿಸಬೇಕು. ಮನೆಯವರ ಮಾತಷ್ಟನ್ನೇ ಕೇಳಿ ಎಡಿಎಚ್‌ಡಿ ಎನ್ನುವುದು ಅರೆ ಕೆಲಸ. ಬೆಂಗಳೂರಿನಿಂದ ವಿಡಿಯೊ ಕಾಲ್‌ನಲ್ಲಿ ಪೂರ್ತಿ ಅಸೆಸ್‌ಮೆಂಟ್ ಎಂಬ ಜಾಹೀರಾತುಗಳ ಬಗ್ಗೆ ಹೇಳುವುದಾದರೆ, ಸಂದರ್ಶನಕ್ಕೆ ಸರಿ, ಬ್ಲಾಕ್ ಕೈಗೆ ಕೊಟ್ಟು ಮಾಡಿಸುವ ಪರೀಕ್ಷೆಗೆ ಅಲ್ಲ.

ರಿಪೋರ್ಟ್ ಕೈಗೆ ಬಂದ ಮೇಲೆ ಕೊನೆಯ ಪುಟದಿಂದ ಓದಲು ಶುರು ಮಾಡಿ. "ರೆಮಿಡಿಯಲ್ ಟೀಚಿಂಗ್ ಸಲಹೆ ಮಾಡಲಾಗಿದೆ" ಎಂಬ ಒಂದು ಸಾಲಿದ್ದರೆ ವಾಪಸ್ ಕೊಟ್ಟು ಬಿಡಿಸಿ ಬರೆಯಲು ಹೇಳುವ ಹಕ್ಕು ನಿಮಗಿದೆ. ಬೇಕಾದ್ದು ಇಂಥದು: ಮಗು ಎಷ್ಟನೇ ಇಯತ್ತೆಯ ಪಾಠ ತಡವರಿಸದೆ ಓದುತ್ತದೆ, ನಿಮಿಷಕ್ಕೆ ಎಷ್ಟು ಶಬ್ದ, ಬೋರ್ಡಿನಿಂದ ನಕಲು ಮಾಡಲು ಎಷ್ಟು ಹೊತ್ತು, ಯಾವ ಒತ್ತಕ್ಷರಗಳಿಂದ ಕಲಿಸಲು ಆರಂಭಿಸಬೇಕು, ಪ್ರಶ್ನೆಪತ್ರಿಕೆ ಓದಿ ಹೇಳಬೇಕೇ, ಬರೆಯಲು ಸಹಾಯಕ ಬೇಕೇ. ಪ್ರತಿ ಉಪಪರೀಕ್ಷೆಯ ಅಂಕವೂ ಇರಬೇಕು, ಒಟ್ಟು ಐಕ್ಯೂ ಮಾತ್ರವಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರ, ಎರಡನೇ-ಮೂರನೇ ಭಾಷೆಯ ವಿನಾಯಿತಿ ಇವೆಲ್ಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮಿನಲ್ಲಿವೆ. ಸಿಬಿಎಸ್‌ಇ ತಾಸಿಗೆ 20 ನಿಮಿಷದಂತೆ 3 ತಾಸಿನ ಪತ್ರಿಕೆಗೆ 60 ನಿಮಿಷ ಕೊಡುತ್ತದೆ. ಆದರೆ ಯಾವ ಮಗುವಿಗೆ ಯಾವುದು ಬೇಕು ಎಂದು ಹೇಳಬೇಕಾದ್ದು ರಿಪೋರ್ಟೇ. ಎಲ್ಲ ಮಕ್ಕಳಿಗೂ ಅದೇ ಆರು ಸಲಹೆ ಕಾಪಿ-ಪೇಸ್ಟ್ ಮಾಡಿದ್ದು ಗೊತ್ತಾಗಿಯೇ ಆಗುತ್ತದೆ. ಮಧ್ಯದಲ್ಲೆಲ್ಲೋ ಬೇರೆ ಮಗುವಿನ ಹೆಸರು ಉಳಿದಿರುತ್ತದೆ, ಗಂಡು ಮಗು ಅವಳು ಆಗಿರುತ್ತಾನೆ.

ಫೀ ಕೇಳುವಾಗ ಟೆಸ್ಟ್, ರಿಪೋರ್ಟ್, ರಿಪೋರ್ಟ್ ವಿವರಿಸುವ ಒಂದು ಭೇಟಿ, ಮೂರೂ ಸೇರಿ ಎಷ್ಟು ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಎಷ್ಟು ದಿನಕ್ಕೆ ರಿಪೋರ್ಟ್ ಎಂಬುದೂ ಅದರಲ್ಲೇ ಇರಲಿ. ವಿವರಿಸುವ ಭೇಟಿಗೆ ಬೇರೆ ದುಡ್ಡು ಕೇಳುವುದು ಸಣ್ಣತನ, ಆದರೆ ನಡೆಯುತ್ತದೆ. ಸಾಲಿಗೆ ನೇರವಾಗಿ ರಿಪೋರ್ಟ್ ಕಳಿಸುತ್ತೇವೆ ಎಂದರೆ ಒಪ್ಪಬೇಡಿ. ಮನೆಯ ಜಗಳ, ತಾಯಿಯ ಗುಳಿಗೆ ಎಲ್ಲವೂ ಇತಿಹಾಸದ ಭಾಗದಲ್ಲಿರುತ್ತವೆ. ಸಾಲಿಗೆಂದು ಎರಡು ಪುಟದ ಸಾರಾಂಶ ಬೇರೆ ಬರೆಸಿ, ಅದನ್ನೇ ಒಯ್ದು ಕೊಡಿ. ಸರ್ಕಾರಿ ಸಾಲಿಯಾದರೆ ಒಂದು ಪ್ರತಿ ಬಿಆರ್‌ಸಿಯಲ್ಲಿರುವ (ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ, ಶಿಕ್ಷಕರಿಗೂ ತಲುಪಲಿ, ತಾಲೂಕಿನಲ್ಲಿ ಈ ಮಕ್ಕಳ ಕೆಲಸ ನೋಡುವವರು ಅವರೇ. ಮೂಲ ಪ್ರತಿಯನ್ನು ಯಾರಿಗೂ ಕೊಡದೆ ಲ್ಯಾಮಿನೇಶನ್ ಮಾಡಿಸದೆ ಫೈಲಿನಲ್ಲಿಡಿ, ಬೋರ್ಡಿನವರು ಅದರ ಹಿಂದೆ ಸೀಲು ಒತ್ತಬೇಕಾಗಬಹುದು.