ಜಿಮ್ ಮುಗಿಸಿ ನೇರ ಆಫೀಸಿಗೆ: ಸ್ಪ್ರೇ ಕಿಟ್ಟಾ, ಸ್ನಾನವಾ, ತೆಳು ಟವೆಲ್ಲಾ?

ನನ್ನ ಆಯ್ಕೆ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಒಂದು ತೆಳು ಹತ್ತಿ ಟವೆಲ್, ಒಂದು ತುಂಡು ಪಟಿಕ (ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುವ ಬಿಳಿ ಕಲ್ಲು), ತಲೆಗೆ ಕಟ್ಟಲು ಹತ್ತಿ ಸ್ಕಾರ್ಫ್. ಡ್ರೈ ಶಾಂಪೂ, ವೆಟ್ ವೈಪ್ಸ್, ಬಾಡಿ ಸ್ಪ್ರೇ ಇರುವ ಕಿಟ್ ಕೊಂಡು ಬಳಸಿದ್ದೇನೆ. ಜಿಮ್‌ನಲ್ಲೇ ಸ್ನಾನ ಮಾಡಿಯೂ ನೋಡಿದ್ದೇನೆ. ಚಿಕ್ಕಮಗಳೂರಿನ ಹವೆಗೆ, ನನ್ನ ಉದ್ದ ಕೂದಲಿಗೆ ಟವೆಲ್ಲೇ ಸರಿ ಹೋಯಿತು.

ಮನೆ ಮೂಡಿಗೆರೆ ರಸ್ತೆಯಲ್ಲಿ, ಆಫೀಸ್ ಕಡೂರು ರಸ್ತೆಯಲ್ಲಿ, ಜಿಮ್ ನಡುವೆ ಪೇಟೆಯಲ್ಲಿ. ವ್ಯಾಯಾಮ ಮುಗಿಸಿ ಮನೆಗೆ ಹೋಗಿ ಬರುವಷ್ಟು ಸಮಯ ಇರುವುದಿಲ್ಲ. ಕೆಲಸ ಕೌಂಟರ್‌ನಲ್ಲಿ, ದಿನವಿಡೀ ಜನರ ಎದುರು. ಹಾಗಾಗಿ ಇಪ್ಪತ್ತು ನಿಮಿಷದೊಳಗೆ ಬೆವರು ಹೋಗಬೇಕು, ಮುಖ ನೆಟ್ಟಗಿರಬೇಕು, ಕೂದಲು ವಾಸನೆ ಬರಬಾರದು.

ಮುಖ್ಯ ಸಮಸ್ಯೆ ಕೂದಲಿನದ್ದೇ. ಕೈಕಾಲು, ಕುತ್ತಿಗೆ ಎಲ್ಲ ಒರೆಸಿಕೊಂಡರೆ ಮುಗಿಯಿತು. ಕೂದಲಿನ ಬುಡ ಹಾಗಲ್ಲ. ಅರ್ಧ ಗಂಟೆ ಟ್ರೆಡ್‌ಮಿಲ್ ಮಾಡಿದರೆ ಹಿಂದಲೆ ಪೂರ್ತಿ ಒದ್ದೆ. ಅದರ ಮೇಲೆ ಹೆಲ್ಮೆಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಲ್ಲಿ ಗಾಳಿಯೇ ಒದ್ದೆ ಇರುತ್ತದೆ, ಬೆವರು ತಾನಾಗಿ ಆರುವುದೇ ಇಲ್ಲ. ಆಫೀಸಿನಲ್ಲಿ ಹೆಲ್ಮೆಟ್ ತೆಗೆದಾಗ ಬರುವ ಮುಗ್ಗಲು ವಾಸನೆ ಮಳೆಗಾಲದಲ್ಲಿ ಸ್ಕೂಟರ್ ಓಡಿಸುವ ಹೆಂಗಸರಿಗೆಲ್ಲ ಗೊತ್ತು, ಅಲ್ವಾ?

ಇದಕ್ಕೆ ಅಂತಲೇ ಡ್ರೈ ಶಾಂಪೂ ತರಿಸಿದೆ. 500 ರೂಪಾಯಿ ಹತ್ತಿರ ಆಯಿತು. ಡಬ್ಬದ ಮೇಲೆ 'ನೀರಿಲ್ಲದೆ ತಾಜಾ ಕೂದಲು' ಅಂತ ಬರೆದಿತ್ತು. ಇಂಥ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಅಕ್ಕಿಯದ್ದೋ ಜೋಳದ್ದೋ ಪಿಷ್ಟ. ಅದು ತಲೆಯ ಎಣ್ಣೆ ಜಿಡ್ಡನ್ನು ಹೀರಿಕೊಳ್ಳುತ್ತದೆ. ಒಣ ತಲೆಗೆ ಹಾಕಿದರೆ ಸರಿಯಾಗೇ ಕೆಲಸ ಮಾಡುತ್ತದೆ. ಆದರೆ ಜಿಮ್ ಮುಗಿದಾಗ ತಲೆಯಲ್ಲಿ ಎಣ್ಣೆಗಿಂತ ನೀರೇ ಜಾಸ್ತಿ ಇರುತ್ತದೆ. ಪುಡಿ ಬೆವರಿಗೆ ಸೇರಿ ಬುಡದಲ್ಲಿ ಗಂಜಿಯ ಹಾಗೆ ಅಂಟಿಕೊಂಡಿತು. ಮೇಲೆ ಹೆಲ್ಮೆಟ್ ಒತ್ತಿತು. ಆಫೀಸ್ ತಲುಪಿ ಬಾಚಿದರೆ ಬೈತಲೆಯುದ್ದಕ್ಕೂ ಬಿಳಿ ಗೆರೆ, ಕಡು ನೀಲಿ ಕುರ್ತಾದ ಹೆಗಲ ಮೇಲೆಲ್ಲ ಬಿಳಿ ಚೂರು. ಪಕ್ಕದ ಕುರ್ಚಿಯ ಹಿರಿಯ ಮೇಡಂ ಮೆಲ್ಲಗೆ, "ತಲೆಹೊಟ್ಟಿಗೆ ಮೆಂತ್ಯ ನೆನೆಸಿ ಹಚ್ಚಮ್ಮಾ, ಹೋಗುತ್ತೆ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೂ ಆ ದಿನ ಪೂರ್ತಿ ತಲೆ ಬಗ್ಗಿಸಿ ಯಾರ ಫಾರ್ಮ್ ನೋಡಲೂ ಹಿಂಜರಿಕೆಯಾಯಿತು.

ದೂರದಿಂದ ಸ್ಪ್ರೇ ಮಾಡಬೇಕು, ಎರಡು ನಿಮಿಷ ಬಿಡಬೇಕು, ಆಮೇಲೆ ಬಾಚಬೇಕು ಅನ್ನುತ್ತಾರೆ. ಹಾಗೂ ಮಾಡಿದೆ. ಬುಡ ಒದ್ದೆ ಇರುವವರೆಗೆ ಫಲ ಅದೇ. ತಲೆ ಪೂರ್ತಿ ಒಣಗಿಸಿಕೊಂಡು ಹಾಕಿದಾಗ ಮಾತ್ರ ಚೆನ್ನಾಗಿ ಬಂತು. ಆದರೆ ಅಷ್ಟು ಒಣಗಿದ ಮೇಲೆ ನನಗೆ ಅದರ ಅಗತ್ಯವೇ ಇರಲಿಲ್ಲ!

ಇನ್ನೊಂದು ವಿಷಯವೂ ಗೊತ್ತಿರಲಿ. ಇಂಥ ಎಷ್ಟೋ ಸ್ಪ್ರೇಗಳನ್ನು ಹೊರಗೆ ತಳ್ಳುವುದು ಬ್ಯೂಟೇನ್, ಪ್ರೊಪೇನ್‌ನಂಥ ಬೆಂಕಿ ಹಿಡಿಯುವ ಅನಿಲ. 2022ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಯೂನಿಲಿವರ್ ತನ್ನ ಕೆಲವು ಡ್ರೈ ಶಾಂಪೂ ಸ್ಪ್ರೇಗಳನ್ನು ಬೆಂಜೀನ್ ಇರಬಹುದು ಅನ್ನುವ ಕಾರಣಕ್ಕೆ ವಾಪಸ್ ತೆಗೆದುಕೊಂಡಿತ್ತು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಆ ಡಬ್ಬಗಳೇ ಇಲ್ಲಿ ಸಿಗುತ್ತವೆ ಅಂತ ಹೇಳುತ್ತಿಲ್ಲ. ಕಿಟಕಿ ಇಲ್ಲದ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾಲ್ಕು ಜನ ಒಟ್ಟಿಗೆ ಸ್ಪ್ರೇ ಹೊಡೆಯುವುದು ಮಾತ್ರ ನನಗೆ ಬೇಡ.

ವೆಟ್ ವೈಪ್ಸ್ ಕಥೆ ಚಿಕ್ಕದು. ಒರೆಸಿದ ಕೂಡಲೇ ಹಾಯ್ ಅನ್ನಿಸುತ್ತದೆ. ಐದು ನಿಮಿಷಕ್ಕೆ ಅಂಟು ಅಂಟು. ಬಿಸಿಯಾಗಿ ಕೆಂಪಾದ ಕೆನ್ನೆಗೆ ಅದರ ಸುವಾಸನೆ ಉರಿ ತಂದಿತು. ತಿಂಗಳಿಗೆ ಅದಕ್ಕೇ 300 ರೂಪಾಯಿ ದಾಟುತ್ತಿತ್ತು. ಆ ಬಟ್ಟೆಯಲ್ಲಿ ಹೆಚ್ಚಾಗಿ ಪಾಲಿಯೆಸ್ಟರ್ ಬೆರೆತಿರುತ್ತದೆ, ಮಣ್ಣಲ್ಲಿ ಕೊಳೆಯುವುದಿಲ್ಲ. ಮೈಸೆಲ್ಲರ್ ವಾಟರ್ (ಹತ್ತಿಯಲ್ಲಿ ಅದ್ದಿ ಮುಖ ಒರೆಸುವ, ನೀರಿನಂಥ ಕ್ಲೆನ್ಸರ್) ಇದಕ್ಕಿಂತ ಮೇಲು, ಮೇಕಪ್ ಇದ್ದವರಿಗೆ. ಬರೀ ಬೆವರಿಗೆ ಅದು ದುಬಾರಿ.

ಇನ್ನು ಸ್ನಾನ. ಸ್ವಚ್ಛತೆಯ ಲೆಕ್ಕದಲ್ಲಿ ಇದೇ ಗೆಲ್ಲುತ್ತದೆ, ಸಂಶಯವಿಲ್ಲ. ಆದರೆ ನಮ್ಮ ಜಿಮ್‌ನಲ್ಲಿ ಹೆಂಗಸರಿಗೆ ಇರುವುದು ಒಂದೇ ಬಚ್ಚಲು, ಬೆಳಗ್ಗೆ ಸಾಲು. ಬೋರ್ ನೀರು ಗಡಸು, ಸೋಪಿಗೆ ನೊರೆಯೇ ಬರುವುದಿಲ್ಲ. ಬಾಡಿ ವಾಶ್ ಆದರೆ ಪರವಾಗಿಲ್ಲ. ಅವಸರಕ್ಕೆ ವ್ಯಾಯಾಮ ಮುಗಿದ ತಕ್ಷಣ ಬಿಸಿನೀರು ಹೊಯ್ದುಕೊಂಡರೆ ಇನ್ನೊಂದು ತೊಂದರೆ. ಮೈ ಒಳಗಿನ ಬಿಸಿ ಇಳಿದಿರುವುದಿಲ್ಲ, ಬಟ್ಟೆ ಹಾಕಿಕೊಳ್ಳುವಾಗಲೇ ಮತ್ತೆ ಬೆವರು. ಹತ್ತು ನಿಮಿಷ ಸುಮ್ನೆ ನಡೆದಾಡಿ, ಉಸಿರು ತಹಬಂದಿಗೆ ಬಂದ ಮೇಲೆ ಉಗುರುಬೆಚ್ಚಗಿನ ನೀರು ಹಾಕಿಕೊಳ್ಳಬೇಕು. ಅಷ್ಟು ಹೊತ್ತು ಕಾದರೆ ನನ್ನ ಹಾಜರಿ ತಪ್ಪುತ್ತದೆ. ದಿನಾ ತಲೆಗೆ ನೀರು ಹಾಕುವ ಮಾತಂತೂ ಇಲ್ಲ. ಸೊಂಟದವರೆಗಿನ ಕೂದಲು ಆಷಾಢದಲ್ಲಿ ಸಂಜೆಯಾದರೂ ಒಣಗುವುದಿಲ್ಲ.

ಈಗ ನನ್ನ ಟವೆಲ್ ವಿಷಯಕ್ಕೆ ಬರುತ್ತೇನೆ. ಬೆವರಿಗೆ ತನ್ನಷ್ಟಕ್ಕೆ ಹೆಚ್ಚು ವಾಸನೆ ಇಲ್ಲ. ಕಂಕುಳಿನ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಡೆದಾಗ ವಾಸನೆ ಹುಟ್ಟುತ್ತದೆ, ಅವಕ್ಕೆ ತೇವ ಅಂದರೆ ಹಬ್ಬ. ಹಾಗಾಗಿ ಸುವಾಸನೆ ಸೇರಿಸುವುದಕ್ಕಿಂತ ತೇವ ತೆಗೆಯುವುದಕ್ಕೆ ನಾನು ಸಮಯ ಕೊಡುತ್ತೇನೆ.

ಕೆಲಸ ಶುರುವಾಗುವುದು ವ್ಯಾಯಾಮಕ್ಕೆ ಮೊದಲು. ಕೂದಲನ್ನು ಎತ್ತರಕ್ಕೆ ಎರಡು ಜಡೆ ಹೆಣೆದು ಮೇಲೆ ಕಟ್ಟುತ್ತೇನೆ, ಹಿಂದಲೆಗೆ ಗಾಳಿ ಆಡುತ್ತದೆ. ಹಣೆಗೆ ಹತ್ತಿ ಪಟ್ಟಿ. ಹಣೆಯ ಸ್ಟಿಕ್ಕರ್ ತೆಗೆದಿಡುತ್ತೇನೆ, ಅದರ ಅಂಟು ಬೆವರಿಗೆ ಕರಗಿ ತುರಿಸುತ್ತದೆ. ಮುಗಿದ ಮೇಲೆ ಜಡೆ ಬಿಚ್ಚಿ, ತಲೆ ಬಗ್ಗಿಸಿ ಫ್ಯಾನ್ ಕೆಳಗೆ ನಿಲ್ಲುತ್ತೇನೆ. ಬುಡವನ್ನು ಟವೆಲ್‌ನಿಂದ ಒತ್ತುತ್ತೇನೆ, ಉಜ್ಜುವುದಿಲ್ಲ. ಉಜ್ಜಿದರೆ ಸಿಕ್ಕು, ಕೂದಲು ತುಂಡಾಗುತ್ತದೆ. ಆಮೇಲೆ ಟವೆಲ್‌ನ ಇನ್ನೊಂದು ತುದಿ ಒದ್ದೆ ಮಾಡಿ ಹಿಂಡಿ ಕುತ್ತಿಗೆ, ಬೆನ್ನು, ಕಂಕುಳು ಒರೆಸಿಕೊಳ್ಳುತ್ತೇನೆ. ಮುಖಕ್ಕೆ ತಣ್ಣೀರು, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮೋಡ ಇದೆ ಅಂತ ಸನ್‌ಸ್ಕ್ರೀನ್ ಬಿಡಬೇಡಿ, ಯುವಿ ಕಿರಣ ಮೋಡ ದಾಟಿ ಬರುತ್ತದೆ.

ಇನ್ನು ಪಟಿಕ. ಗ್ರಂದಿಗೆ ಅಂಗಡಿಯಲ್ಲಿ 20 ರೂಪಾಯಿಗೆ ಕೊಂಡ ತುಂಡು ತಿಂಗಳುಗಟ್ಟಲೆ ಬರುತ್ತಿದೆ. ಒದ್ದೆ ಮಾಡಿ ಕಂಕುಳಿಗೆ ಸವರಿದರೆ ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ. ಬೆವರನ್ನು ಪೂರ್ತಿ ನಿಲ್ಲಿಸುವುದಿಲ್ಲ, ಅದು ಗೊತ್ತಿರಲಿ. ರೇಜರ್ ಹಾಕಿದ ದಿನ ಬೇಡ, ಉರಿಯುತ್ತದೆ. ಬೆವರೇ ಕಡಿಮೆ ಆಗಬೇಕು ಅನ್ನುವವರು ಆ್ಯಂಟಿಪರ್ಸ್‌ಪಿರಂಟ್ ತೆಗೆದುಕೊಂಡು ರಾತ್ರಿ ಮಲಗುವ ಮುನ್ನ ಒಣ ಚರ್ಮಕ್ಕೆ ಹಚ್ಚಿ. ಬೆಳಗ್ಗೆ ಬೆವರಿನ ಮೇಲೆ ಹಚ್ಚಿದರೆ ಅಷ್ಟು ಹಿಡಿಯುವುದಿಲ್ಲ.

ಹೆಲ್ಮೆಟ್ ಒಳಗೆ ಸ್ಕಾರ್ಫ್ ಕಟ್ಟುತ್ತೇನೆ. ಉಳಿದ ತೇವ ಅದು ಹೀರುತ್ತದೆ, ದಿನಾ ಒಗೆಯಬಹುದು. ಹೆಲ್ಮೆಟ್ ಸ್ಪಂಜು ಒಗೆದರೆ ಮಳೆಗಾಲದಲ್ಲಿ ಒಣಗಿಸುವುದೇ ಕಷ್ಟ. ಟವೆಲ್ ದಪ್ಪ ಟರ್ಕಿಯದ್ದು ಬೇಡ, ಮರುದಿನವೂ ಒದ್ದೆ ಇರುತ್ತದೆ. ಮೈಕ್ರೋಫೈಬರ್ ಬೇಗ ಒಣಗುತ್ತದೆ, ಆದರೆ ಚರ್ಮಕ್ಕೆ ಹಿಡಿದುಕೊಂಡ ಹಾಗೆ ಆಗುತ್ತದೆ, ನನಗೆ ಆಗಲಿಲ್ಲ. ಒದ್ದೆ ಟವೆಲ್, ಬೆವರಿದ ಬಟ್ಟೆ ಬ್ಯಾಗ್‌ನಲ್ಲೇ ಸಂಜೆವರೆಗೆ ಮುದುಡಿಕೊಂಡಿದ್ದರೆ ವಾಸನೆ ಹಿಡಿಯುತ್ತದೆ. ಆ ಬಟ್ಟೆಯನ್ನೇ ಮತ್ತೆ ಹಾಕಿಕೊಂಡರೆ ಹುಳುಕಡ್ಡಿಗೂ ದಾರಿ. ಆಫೀಸಿನ ಹಿಂದಿನ ವರಾಂಡದಲ್ಲಿ ಹರಡಲು ಆಯಾ ಅಕ್ಕನನ್ನು ಕೇಳಿ ಜಾಗ ಮಾಡಿಕೊಂಡಿದ್ದೇನೆ.

ನನ್ನ ತಮ್ಮನ ಕೂದಲು ಎರಡು ಬೆರಳಷ್ಟೂ ಇಲ್ಲ, ಅವನ ಜಿಮ್‌ನಲ್ಲಿ ಬಿಸಿನೀರಿಗೆ ಕೊರತೆ ಇಲ್ಲ. ಅವನು ಸ್ನಾನವನ್ನೇ ಮಾಡಲಿ, ಅಂಥವರಿಗೆ ಟವೆಲ್ ಯಾಕೆ? ನನ್ನ ಹಾಗೆ ಉದ್ದ ಕೂದಲಿರುವವರು ಜಿಮ್‌ಗೆ ವರ್ಷದ ಫೀಸು ಕಟ್ಟುವ ಮುಂಚೆ ಹೆಂಗಸರ ಕೋಣೆಯನ್ನು ಒಳಗೆ ಹೋಗಿ ನೋಡಿ. ಫ್ಯಾನ್ ಇದೆಯಾ, ಗೋಡೆಗೆ ಬಟ್ಟೆ ನೇತುಹಾಕುವ ಮೊಳೆ ಇದೆಯಾ? ಇಲ್ಲದಿದ್ದರೆ ಹಾಕಿಸಿ ಅಂತ ಅಲ್ಲೇ ಕೇಳಿ. ನಾವು ನಾಲ್ಕು ಜನ ಒಟ್ಟಿಗೆ ಕೇಳಿದ್ದಕ್ಕೆ ನಮ್ಮ ಜಿಮ್‌ನವರು ಗೋಡೆ ಫ್ಯಾನ್ ಹಾಕಿಸಿಕೊಟ್ಟರು.