ಗಂಗಾವತಿ–ಬಳ್ಳಾರಿ ಬಸ್: ಮಾನಸಿಕ ಕಾಯಿಲೆ ಇರೋರನ್ನ ಕರ್ಕೊಂಡು ಹೋಗೋರಿಗೆ ಹೆಂಗೈತಿ?

ಕಂಪ್ಲಿ, ಕುರುಗೋಡು ಮ್ಯಾಲೆ ಬಳ್ಳಾರಿಗೆ ಹೋಗೋ ಬಸ್ಸಿಗೆ ಐದರಾಗ ಮೂರು ಸ್ಟಾರ್. ನಮ್ ತಮ್ಮಗ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಐತಿ, ದವಾಖಾನಿಗೆ ಇದ ದಾರಿ, ಅದಕ್ಕ ಬರ್ಯಾಕತ್ತೀನಿ.

ಚಲೋದು ಮೊದ್ಲು. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಬಂದ ಮ್ಯಾಲೆ ನನಗೂ ಅವ್ವಗೂ ಟಿಕೆಟ್ ರೊಕ್ಕ ಇಲ್ಲ, ಇಂಥಾ ಪೇಷಂಟ್ ಜೋಡಿ ಒಬ್ರು ಇರಾಕಬೇಕು, ಮೊದ್ಲು ಅಪ್ಪ ಹೋದ್ರ ಡಬಲ್ ಟಿಕೆಟ್ ಜೊತಿಗೆ ಅವನ ಒಂದು ದಿನದ ಕೂಲಿನೂ ಹೋಗ್ತಿತ್ತು. ಇದು ಭಾಳ ದೊಡ್ಡ ಉಪಕಾರ.

ಇನ್ನ ಸಮಸ್ಯೆ. ತಮ್ಮಗ ಈ ಕಾಯಿಲೆಗೆ ಕ್ಲೋಜಪೈನ್ ಅನ್ನೋ ಗುಳಗಿ ಕೊಡ್ತಾರ. ಶುರುವಿಗೆ 18 ವಾರ ವಾರಕ್ಕೊಮ್ಮೆ ರಕ್ತ ಟೆಸ್ಟ್ ಆಗಬೇಕು, ಬಿಳಿ ರಕ್ತಕಣ ಕಡಿಮಿ ಆದ್ರ ಜೀವಕ್ಕ ಅಪಾಯ, ಗುಳಗಿ ಎರಡು ದಿನಕ್ಕಿಂತ ಹೆಚ್ಚು ಬಿಟ್ರ ಮತ್ತ ಸಣ್ಣ ಡೋಸಿನಿಂದಾನ ಶುರು ಮಾಡ್ಬೇಕು. ತುಂಗಭದ್ರಾ ಡ್ಯಾಮಿನಿಂದ ಹೊಳಿಗೆ ಜೋರು ನೀರು ಬಿಟ್ರ ಕಂಪ್ಲಿ ಸೇತುವಿ ಮುಳುಗ್ತೈತಿ, ಕಡೇಬಾಗಿಲು–ಬುಕ್ಕಸಾಗರ ಕಡಿಂದ ಸುತ್ತಾಕಿ ಹೋಗ್ಬೇಕು. ಉಳಿದವ್ರಿಗೆ ಅದು ಬರೇ ಲೇಟ್, ನಮಗ ಔಷಧ ತಪ್ಪೋ ಮಾತು. ಸೇತುವಿ ಬಂದ್ ಅಂತ ಹಿಂದಿನ ದಿನಾನ ಒಂದು ಮೆಸೇಜ್ ಬಂದ್ರ ಸಾಕು, ಹೆಂಗಾರ ಮಾಡಿ ಹೋಗ್ತೀವಿ.

ಎರಡನೇದು ಮಂದಿ. ಒಮ್ಮೆ ಬಸ್ ತುಂಬಿ ಗದ್ದಲ, ಕಂಡಕ್ಟರ್ ಸೀಟಿ ಹೊಡದಾಗೊಮ್ಮೆ ನಮ್ ತಮ್ಮ ಎರಡೂ ಕಿವಿ ಗಟ್ಟಿ ಮುಚ್ಕೊಂಡು ತನ್ನಷ್ಟಕ್ಕ ಮಾತಾಡಾಕತ್ತಿದ್ದ, ಕುಡದಾನ ಅಂತ ತಿಳ್ಕೊಂಡು ಕಂಡಕ್ಟರ್ "ಲೇ, ಇಳಿಯಲೇ ಕೆಳಗ" ಅಂದುಬಿಟ್ರು, ಹಿಂದಿನ ಸೀಟಿನ ಹುಡುಗ್ರು ಮೊಬೈಲ್ ತಗದು ವಿಡಿಯೋ ಮಾಡಾಕತ್ತಿದ್ರು, ನನಗ ಅಳು ಬಂದುಬಿಡ್ತು. ಅದ ರೂಟಿನ್ಯಾಗ ಇನ್ನೊಬ್ರು ವಯಸ್ಸಾದ ಕಂಡಕ್ಟರ್ ಅದಾರ, ಹತ್ತೋವಾಗ ಸಣ್ಣಗ ಒಂದ್ ಮಾತು ಹೇಳಿದ್ದಕ್ಕ "ಬಾರಪ ತಮ್ಮ, ಇಲ್ಲಿ ಕುಂದ್ರು" ಅಂತ ಮುಂದ ಕಿಡಕಿ ಕಡಿ ಸೀಟ್ ಬಿಡಿಸಿ ಕೊಟ್ರು. ಕುರುಗೋಡಿನ್ಯಾಗ ಅವನ ಬಾಟ್ಲಿಗೆ ನೀರು ತುಂಬ್ಕೊಂಡು ಬರೋತನಕ ಬಸ್ ಬಿಡ್ಲಿಲ್ಲ. ಅವತ್ತು ತಮ್ಮ ಬಳ್ಳಾರಿತನಕ ಆರಾಮ ನಿದ್ದಿ ಮಾಡಿದ.

ಆ ಹಿರಿಯರಿಗೆ ಬಂದ ತಿಳುವಳಿಕಿ ಎಲ್ಲಾ ಕಂಡಕ್ಟರ್‌ಗೂ ಟ್ರೈನಿಂಗ್‌ನ್ಯಾಗ ಕಲಿಸ್ಬೇಕ್ರಿ. ಅಂಗವಿಕಲರ ಸೀಟಿನ್ಯಾಗ ಕುಂತ್ರ "ಕೈಕಾಲು ನೆಟ್ಟಗದಾವಲ್ಲ" ಅಂತಾರ, 2016ರ ಕಾಯ್ದೆದಾಗ ಇರೋ 21 ಅಂಗವೈಕಲ್ಯದಾಗ ಮಾನಸಿಕ ಕಾಯಿಲೆನೂ ಐತಿ ಅಂತ ಗೊತ್ತಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕ ಮಾದರಿ ಆಗಿದ್ದ ಬಳ್ಳಾರಿ, 1985ರಿಂದ 90ರ ತನಕ ನಿಮ್ಹಾನ್ಸ್‌ನವ್ರು ಇಲ್ಲೇ ಮಾಡಿ ತೋರಿಸಿದ್ದು. ಅಂಥಾ ಜಿಲ್ಲಾದ ಬಸ್ಸಿನ್ಯಾಗ ಪೇಷಂಟ್‌ಗೆ ಮರ್ಯಾದಿ ಸಿಗಬಾರದೇನು?

ಹೋಗೋರು ಇದ್ರ ಬೆಳಿಗ್ಗಿ ಮೊದಲ ಬಸ್ ಹಿಡೀರಿ, ರಶ್ ಕಡಿಮಿ. ಮನಸ್ಸಿನ ಏರುಪೇರಿಗೆ ಕೊಡೋ ಲಿಥಿಯಂ ಗುಳಗಿ ತಗೊಳ್ಳೋರು ಬ್ಯಾಸಗ್ಯಾಗ ನೀರು ಮರೀಬ್ಯಾಡ್ರಿ. ನಡುದಾರ್ಯಾಗ ಗಾಬರಿ ಆದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಫ್ರೀ ಐತಿ, ಕನ್ನಡದಾಗ ಮಾತಾಡ್ತಾರ.